ಶೆಡ್ಡಿನ ಇಲಿಗೆ ಬಕೆಟ್ ಬೋನು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ರೇಷ್ಮೆ ಹುಳು ಮನೆಗೆ ಅಂಟಿಕೊಂಡಿರುವ ಶೀಟಿನ ಶೆಡ್ಡಿನಲ್ಲಿ ರಾಗಿ ಮೂಟೆ, ಬೂಸಾ, ಡ್ರಿಪ್ ಪೈಪು ಇಟ್ಟಿದ್ದೇವೆ. ಸುಂಡಿಲಿ ಕಾಟ ವಿಪರೀತ. ಪಾಷಾಣ ಇಡಲು ಭಯ. ಪೇಂಟ್ ಬಕೆಟ್ಟಿಗೆ ಬಾಟಲಿ ಸಿಕ್ಕಿಸಿ ಬೋನು ಮಾಡಿದೆವು. ಐದು ರಾತ್ರಿಗೆ ಬಿದ್ದದ್ದು ಒಂದೇ ಇಲಿ, ಬಾಟಲಿಗೆ ಸವರಿದ ಕಡಲೆಬೀಜದ ಪೇಸ್ಟ್ ಮಾತ್ರ ದಿನಾ ಖಾಲಿ. ಎಲ್ಲಿ ತಪ್ಪಿದೆವು?
– ಓದುಗರು, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ತಿಂಡಿ ಖಾಲಿಯಾಗಿಯೂ ಇಲಿ ಬೀಳಲಿಲ್ಲವೆಂದರೆ ಬಾಟಲಿ ಉರುಳುತ್ತಿಲ್ಲ, ಇಲ್ಲವೇ ಪಕ್ಕಕ್ಕೆ ಸರಿದು ಬಕೆಟ್ಟಿಗೆ ಒರಗಿ ನಿಂತಿದೆ. ಎರಡನೆಯದೇ ಹೆಚ್ಚು. ಆಗ ಇಲಿ ಹಿಂಗಾಲನ್ನು ಅಂಚಿನ ಮೇಲೆ ಊರಿ, ಮೈ ಚಾಚಿ ನೆಕ್ಕಿ, ಬಂದ ದಾರಿಯಲ್ಲೇ ಹೊರಟುಹೋಗುತ್ತದೆ.

ಬಿಚ್ಚಿ ಮತ್ತೆ ಕಟ್ಟಿ. 20 ಲೀಟರಿನ ಪೇಂಟ್ ಬಕೆಟ್ ಸರಿಯಾಗಿಯೇ ಇದೆ. ಅದಕ್ಕಿಂತ ಗಿಡ್ಡದು ಬೇಡ, ಸುಂಡಿಲಿ ನಿಂತಲ್ಲಿಂದಲೇ 1 ಅಡಿ ಎಗರುತ್ತದೆ. ಒಳಗೆ ಒಣಗಿದ ಪೇಂಟ್ ಇದ್ದರೆ ಕೆರೆದುಹಾಕಿ. ಉಗುರಿಗೆ ಹಿಡಿತ ಸಿಗುವುದು ಅಲ್ಲೇ. ಅಂಚಿನಿಂದ 1 ಇಂಚು ಕೆಳಗೆ, ಎದುರುಬದುರಾಗಿ, ಕಾಯಿಸಿದ ಮೊಳೆಯಿಂದ ಎರಡು ತೂತು ಹಾಕಿ. 3 ಮಿ.ಮೀ. ದಪ್ಪದ, ಸೊಟ್ಟಗಾಗದ ಜಿ.ಐ. ತಂತಿ ಸಾಕು. ಅರ್ಧ ಲೀಟರ್ ನೀರಿನ ಬಾಟಲಿಯ ಮುಚ್ಚಳಕ್ಕೂ ತಳಕ್ಕೂ ನಟ್ಟನಡುವೆ 5 ಮಿ.ಮೀ. ತೂತು ಮಾಡಿ ಪೋಣಿಸಿ. ತೂತು ಬಿಗಿಯಾದರೆ ಬಾಟಲಿ ತಿರುಗದು, ನಡು ತಪ್ಪಿದರೆ ಭಾರದ ಪಕ್ಕ ಕೆಳಗಾಗಿ ನಿಂತುಬಿಡುತ್ತದೆ. ಬಾಟಲಿಯನ್ನು ಮಧ್ಯಕ್ಕೆ ತಂದು, ಅದರ ಎರಡೂ ತುದಿಯ ಪಕ್ಕ ತಂತಿಗೆ ಇನ್ಸುಲೇಶನ್ ಟೇಪನ್ನು ಬಟಾಣಿ ಗಾತ್ರ ಸುತ್ತಿ. ಇನ್ನು ಸರಿಯುವುದಿಲ್ಲ. ಬೆರಳಿನಿಂದ ತಟ್ಟಿದರೆ ಎರಡು ಸುತ್ತಾದರೂ ಹೊಡೆಯಬೇಕು.

ಪೇಸ್ಟನ್ನು ಬಾಟಲಿಯ ನಡುವಿಗೆ ಮಾತ್ರ, ಎರಡು ಬೆರಳಗಲ, ಬಳೆ ತೊಡಿಸಿದಂತೆ ಸುತ್ತಲೂ ತೆಳ್ಳಗೆ ಸವರಿ. 1 ಚಮಚ ಸಾಕು. ಒಂದೇ ಕಡೆ ಉಂಡೆ ಅಂಟಿಸಿದರೆ ಆ ಭಾರಕ್ಕೇ ಬಾಟಲಿ ತಿರುಗಿ ತಿಂಡಿ ಅಡಿಗೆ ಹೋಗುತ್ತದೆ.

ಹತ್ತಲು ಎರಡೂವರೆ ಅಡಿಯ ರೀಪರ್ ಪಟ್ಟಿ ಇಡಿ, ಗೋಣಿ ತುಂಡು ಸುತ್ತಿದರೆ ಕಾಲು ಜಾರದು. ಪಟ್ಟಿಯ ತುದಿ ತಂತಿಯ ತೂತಿನ ನೇರಕ್ಕೇ ಮುಟ್ಟಲಿ. ಬಕೆಟ್ಟನ್ನು ಶೆಡ್ಡಿನ ನಡುವೆ ಇಡುವುದು ವ್ಯರ್ಥ, ಇಲಿ ಓಡುವುದು ಗೋಡೆ ಸವರಿಕೊಂಡು. ಅಕ್ಕಿಕಾಳಿನಷ್ಟು ಹಿಕ್ಕೆ ಎಲ್ಲಿ ಸಾಲಾಗಿ ಬಿದ್ದಿದೆಯೋ ಅಲ್ಲಿಡಿ. ಒಳಗೆ 4 ಇಂಚು ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪಿನ ದ್ರಾವಣ. ಅಂಬೆಗಾಲಿಡುವ ಮಗು ಆ ಕಡೆ ಬರುವಂತಿದ್ದರೆ ಈ ಬೋನು ಬೇಡವೇ ಬೇಡ.

ದಿನಾ ಬೆಳಿಗ್ಗೆ ಕೈಗವಸು ಹಾಕಿಕೊಂಡು ಸುರಿದು, 2 ಅಡಿ ಆಳಕ್ಕೆ ಹೂಳಿ. ಇಲಿ ಜ್ವರ ಹರಡುವುದು ಮೂತ್ರದಿಂದ; ಕಾಲಲ್ಲಿ ಗಾಯವಿದ್ದರೆ ಬರಿಗಾಲಲ್ಲಿ ಆ ನೀರು ತುಳಿಯಬಾರದು. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬೇಡಿ, ಹುಳು ಮನೆಗೆಂದು ತಂದ ಬ್ಲೀಚಿಂಗ್ ಪೌಡರನ್ನೇ ನೀರಿಗೆ ಕಲಸಿ ಚಿಮುಕಿಸಿ, ನೆನೆದ ಮೇಲೆ ಬಳಿದು ತೆಗೆಯಿರಿ. ಪಾಷಾಣ ಬೇಡವೆಂದದ್ದು ಸರಿಯಾದ ಯೋಚನೆ. ಪಾಷಾಣ ತಿಂದ ಇಲಿ ಬೂಸಾ ಮೂಟೆಯ ಸಂದಿಯಲ್ಲೋ ಹುಳು ಮನೆಯಲ್ಲೋ ಸತ್ತರೆ ಹುಡುಕುವವರು ಯಾರು?

ಬೋನಿಗೆ ಬೀಳುವುದು ನಿಂತ ಮೇಲೆ ಸಂದುಗಳನ್ನು ನೋಡಿ. ಪೆನ್ಸಿಲ್ ತೂರುವಷ್ಟು ಜಾಗ ಮರಿ ಸುಂಡಿಲಿಗೆ ಸಾಕು. ಶೀಟು ಗೋಡೆ ಸೇರುವ ಕಡೆ 6 ಮಿ.ಮೀ. ಕಣ್ಣಿನ ಜಾಲರಿ ತುರುಕಿ ಸಿಮೆಂಟ್ ಮೆತ್ತಿ. ಮೂಟೆಗಳನ್ನು ಹಲಗೆಯ ಮೇಲೆ, ಗೋಡೆಯಿಂದ 1 ಅಡಿ ಬಿಟ್ಟು ಜೋಡಿಸಿ.

ಪ್ರಶ್ನೆ: ಕಡಲೆಕಾಯಿ ಮೂಟೆ ಇಟ್ಟ ಕೋಣೆ. ಬೋನಿಗೆ ಏನಿಟ್ಟರೂ ಇಲಿ ಮೂಸುವುದಿಲ್ಲ.
– ಓದುಗರು, ಪಾವಗಡ

ಉತ್ತರ: ಮೂಟೆಗಟ್ಟಲೆ ಕಡಲೆಕಾಯಿ ಇರುವಲ್ಲಿ ಕಡಲೆಬೀಜದ ಪೇಸ್ಟಿಗೆ ಯಾಕೆ ಬರುತ್ತದೆ? ಆ ಕೋಣೆಯಲ್ಲಿ ಇಲ್ಲದ್ದನ್ನು ಇಡಿ: ಸುಟ್ಟ ಕೊಬ್ಬರಿ ಚೂರು, ಈರುಳ್ಳಿ ಬೋಂಡಾ, ಒಣಮೀನು. ಅದಕ್ಕೂ ಜಗ್ಗದಿದ್ದರೆ ತಂತಿ ಬೋನಿನ ಕೊಕ್ಕೆಗೆ ಹತ್ತಿಯ ಉಂಡೆಯನ್ನು ದಾರದಿಂದ ಬಿಗಿದು ಕಟ್ಟಿ. ಗೂಡಿಗೆ ಹಾಸಲು ಎಳೆಯಹೋಗಿ ಹೆಣ್ಣಿಲಿ ಸಿಕ್ಕಿಬೀಳುತ್ತದೆ. ಅಂಟಿನ ಹಲಗೆ ಬೇಡ. ಅದಕ್ಕೆ ಹಲ್ಲಿ, ಕೇರೆ ಹಾವಿನ ಮರಿಯೂ ಅಂಟುತ್ತವೆ, ಕೇರೆ ನಿಮ್ಮ ಪಾಲಿನ ಸಂಬಳವಿಲ್ಲದ ಕಾವಲುಗಾರ.

ಪ್ರಶ್ನೆ: ಅಟ್ಟದ ಮೇಲೆ ಕೊಬ್ಬರಿಗೆ ಬಿಟ್ಟ ಕಾಯಿಗೆ ದೊಡ್ಡ ಇಲಿಗಳ ಕಾಟ. ಬಕೆಟ್ ಬೋನು ಆದೀತೆ?
– ಓದುಗರು, ತಿಪಟೂರು

ಉತ್ತರ: ಆಗದು. ದೊಡ್ಡ ಇಲಿ ಆ ಬಕೆಟ್ಟಿನಿಂದ ಸಲೀಸಾಗಿ ಎಗರಿ ಬರುತ್ತದೆ. ತಂತಿ ಬೋನೇ ಗತಿ. ಸುಂಡಿಲಿಯಂತಲ್ಲ, ಹೊಸ ವಸ್ತು ಕಂಡರೆ ಇದಕ್ಕೆ ಅನುಮಾನ. ಮೊದಲ ಮೂರು ರಾತ್ರಿ ಬಾಗಿಲು ಎತ್ತಿ ಕಟ್ಟಿ ಬೋಂಡಾ ತಿನ್ನಲು ಬಿಡಿ, ನಾಲ್ಕನೆಯ ರಾತ್ರಿ ಕೊಕ್ಕೆ ಹಾಕಿ. ಅಟ್ಟ ಗೋಡೆಗೆ ತಾಗದೆ ಕಂಬದ ಮೇಲೆ ನಿಂತಿದ್ದರೆ, ನೆಲದಿಂದ 3 ಅಡಿ ಮೇಲೆ ಪ್ರತಿ ಕಂಬಕ್ಕೂ 40 ಸೆಂ.ಮೀ. ಅಗಲದ ನುಣುಪು ತಗಡು ಸುತ್ತಿ. ರಾತ್ರಿ ಏಣಿ ತೆಗೆದಿಡದಿದ್ದರೆ ತಗಡಿಗೆ ಹಾಕಿದ ದುಡ್ಡು ದಂಡ.