ಒಂದೇ ಜೀನು, ಎರಡು ಕಾಯಿಲೆ

ದಾವಣಗೆರೆ ನಿಟುವಳ್ಳಿಯಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಅವ್ವನಿಗೆ ಎದುರಿಗೆ ಕೂತವರ ಮುಖ ಕಾಣಲ್ಲ, ಸುತ್ತಲಿನದು ಮಾತ್ರ ಕಾಣುತ್ತೆ. ವಯಸ್ಸಿಗೆ ಮ್ಯಾಕುಲಾ, ಅಂದರೆ ಕಣ್ಣಿನ ಒಳಪರದೆಯ (ರೆಟಿನಾದ) ನಡುಭಾಗ, ಸವೆದಿದೆ ಅಂದರು ಡಾಕ್ಟರು. ಬೆಂಗಳೂರಿನಲ್ಲಿರುವ ಮಗ ಎಂಜಲು ಕಳಿಸಿ ಜೀನ್ ಟೆಸ್ಟ್ ಮಾಡಿಸಿದ. ಸಿಎಫ್‌ಎಚ್ ಜೀನಿನಿಂದ ಅದೇ ಕಾಯಿಲೆಯ ಅಪಾಯವಿದೆ ಎಂದು ರಿಪೋರ್ಟ್ ಬಂತು. ತಮ್ಮನ ಮೊಮ್ಮಗಳಿಗೆ ಕಿಡ್ನಿ ಕೆಟ್ಟಾಗಲೂ 'ಫ್ಯಾಕ್ಟರ್ ಎಚ್' ಅಂದಿದ್ದರು. ಇದು ವಂಶಕ್ಕೇ ಅಂಟಿದ್ದಾ? ಮನೆಮಂದಿಗೆಲ್ಲ ಟೆಸ್ಟ್ ಮಾಡಿಸಲಾ?"

ಮೇಷ್ಟ್ರೇ, ಮನೆಮಂದಿಗೆಲ್ಲ ಬೇಡ. ಆದರೆ ಮಗುವಿನ ವಿಷಯ ಬೇರೆ.

ನಮ್ಮ ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಪಡೆ ಇದೆ. ಅದರಲ್ಲಿ ಸಿ3 ಎಂಬುದು ರೋಗಾಣು ಬರಲಿ ಬಿಡಲಿ, ಸದಾ ಸ್ವಲ್ಪ ಸ್ವಲ್ಪ ಎಚ್ಚೆತ್ತೇ ಇರುತ್ತದೆ. ಮೆಕ್ಕೆಜೋಳದ ಹೊಲ ಕಾಯಲು ಬಿಟ್ಟ ನಾಯಿ ಮನೆಯವರ ಮೇಲೂ ಎಗರುವ ಹಾಗೆ, ಇದು ಸಿಕ್ಕ ಜೀವಕೋಶಕ್ಕೆಲ್ಲ ಅಂಟುತ್ತದೆ. ತಡೆಯುವುದು ಫ್ಯಾಕ್ಟರ್ ಎಚ್. ಹೆಚ್ಚಾಗಿ ಲಿವರ್‌ನಲ್ಲಿ ತಯಾರಾಗುತ್ತದೆ. ನಮ್ಮ ಕೋಶಗಳ ಮೈಮೇಲಿನ ಸಯಾಲಿಕ್ ಆಮ್ಲದಂಥ ಗುರುತು ಹಿಡಿದು, ಅಲ್ಲಿ ಸಿ3 ಕೆಲಸ ನಿಲ್ಲಿಸುತ್ತದೆ. ಇದನ್ನು ಮಾಡಿಸುವ ಸಿಎಫ್‌ಎಚ್ ಜೀನು 1ನೇ ಕ್ರೋಮೋಸೋಮಿನಲ್ಲಿದೆ.

ಈ ಪ್ರೋಟೀನು 20 ತುಂಡು ಪೋಣಿಸಿದ ಉದ್ದನೆಯ ಸರ. ನಿಮ್ಮ ಪ್ರಶ್ನೆಯ ಗಂಟು ಬಿಡಿಸುವುದು ಇದೇ. ಕಣ್ಣಿನ ಅಪಾಯಕ್ಕೆ ಹೆಸರಾದ ಬದಲಾವಣೆ 402ನೇ ಜಾಗದಲ್ಲಿ, ಅಂದರೆ 7ನೇ ತುಂಡಿನಲ್ಲಿದೆ. 2005ರಲ್ಲಿ ಹಲವು ತಂಡಗಳು ಒಟ್ಟೊಟ್ಟಿಗೇ ಇದನ್ನು ಕಂಡವು. ಕಿಡ್ನಿ ಕೆಡಿಸುವ ದೋಷಗಳು ಹೆಚ್ಚಾಗಿ ಸರದ ಬಾಲದಲ್ಲಿ, 19 ಮತ್ತು 20ನೇ ತುಂಡಿನಲ್ಲಿ ಸಿಗುತ್ತವೆ. ಅವ್ವನ ಕಣ್ಣು, ಮಗುವಿನ ಕಿಡ್ನಿ ಎರಡಕ್ಕೂ ಒಂದೇ ಹೆಸರು ಕೇಳಿದಿರಿ ಎಂದ ಮಾತ್ರಕ್ಕೆ ಒಂದೇ ದೋಷ ಎನ್ನಲಾಗದು.

402ರ ಬದಲಾವಣೆ ಅಪರೂಪದ್ದೂ ಅಲ್ಲ. ಯುರೋಪ್ ಮೂಲದವರಲ್ಲಿ ಬಹಳ ಸಾಮಾನ್ಯ. ಅಪ್ಪ ಅಮ್ಮ ಇಬ್ಬರಿಂದಲೂ ಬಂದಿದ್ದರೆ ಅಪಾಯ ಹಲವು ಪಟ್ಟು ಏರುತ್ತದೆ, ನಿಜ. ಹಾಗಿದ್ದೂ ಕೊನೆತನಕ ಕಣ್ಣು ಚೆನ್ನಾಗಿರುವವರು ಬೇಕಾದಷ್ಟು ಜನ ಇದ್ದಾರೆ. ರಿಪೋರ್ಟ್ ನೋಡಿ ಮಗ ಈಗ ಮಾಡಬಹುದಾದದ್ದೇನು? ಸಿಗರೇಟು ಇದ್ದರೆ ಬಿಡುವುದು, ಸೊಪ್ಪು ತರಕಾರಿ ತಿನ್ನುವುದು, ವಯಸ್ಸಾದಂತೆ ರೆಟಿನಾ ತೋರಿಸುವುದು. ಇದನ್ನು ಟೆಸ್ಟ್ ಇಲ್ಲದೆಯೂ ಹೇಳಬಹುದಿತ್ತು, ಅಲ್ವಾ? ಎಂಜಲು ಟೆಸ್ಟ್ ಮಾರುವವರು ಈ ಮಾತು ಹೇಳುವುದಿಲ್ಲ. ಕಣ್ಣಿನ ತಜ್ಞರೂ ಈ ಕಾಯಿಲೆಗೆ ಎಲ್ಲರಿಗೂ ಜೀನ್ ಟೆಸ್ಟ್ ಬೇಡ ಎನ್ನುತ್ತಾರೆ. ಅವ್ವನಿಗೆ ಒಣ ಬಗೆಯದೋ ಒದ್ದೆ ಬಗೆಯದೋ ಕೇಳಿಕೊಳ್ಳಿ. ಒದ್ದೆಯದಾದರೆ, ಅಂದರೆ ರೆಟಿನಾದಡಿ ಹೊಸ ರಕ್ತನಾಳ ಬೆಳೆದು ಸೋರುತ್ತಿದ್ದರೆ, ಕಣ್ಣಿಗೆ ಕೊಡುವ ಇಂಜೆಕ್ಷನ್ ಇದೆ, ತಡಮಾಡಬಾರದು. ಒಣ ಬಗೆ ತೀರಾ ಮುಂದುವರಿದಾಗ ಕೊಡಲು, ಸಿ3ಯನ್ನೇ ತಡೆಯುವ ಔಷಧಕ್ಕೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಸವೆತ ನಿಧಾನಿಸುತ್ತದೆ ಅಷ್ಟೇ, ಹೋದ ದೃಷ್ಟಿ ತರುವುದಿಲ್ಲ.

ಮಗುವಿನದು ಎಟಿಪಿಕಲ್ ಎಚ್‌ಯುಎಸ್ ಇರಬೇಕು. ಕೆಂಪು ರಕ್ತಕಣ ಒಡೆಯುತ್ತವೆ, ಪ್ಲೇಟ್‌ಲೆಟ್ ಇಳಿಯುತ್ತವೆ, ಕಿಡ್ನಿ ಸೋಲುತ್ತದೆ. ಇಲ್ಲಿ ಟೆಸ್ಟ್ ದಂಡವಲ್ಲ, ಚಿಕಿತ್ಸೆಯೇ ಅದರ ಮೇಲೆ ನಿಂತಿದೆ. ನಮ್ಮ ದೇಶದ ಮಕ್ಕಳಲ್ಲಿ ಇನ್ನೊಂದು ಕಾರಣ ಜಾಸ್ತಿ ಕಾಣುತ್ತದೆ: ಸಿಎಫ್‌ಎಚ್ ಸರಿಯಾಗಿದ್ದರೂ ದೇಹವೇ ಫ್ಯಾಕ್ಟರ್ ಎಚ್ ವಿರುದ್ಧ ಆ್ಯಂಟಿಬಾಡಿ ಮಾಡಿಕೊಳ್ಳುವುದು. ಅದು ರಕ್ತಪರೀಕ್ಷೆಯಲ್ಲೇ ಸಿಗುತ್ತದೆ. ಬೇಗ ಪ್ಲಾಸ್ಮಾ ಬದಲಿಸಿ, ಜೊತೆಗೆ ಸ್ಟೀರಾಯ್ಡ್‌ನಂಥ ಔಷಧ ಕೊಟ್ಟರೆ ಎಷ್ಟೋ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಕಾಂಪ್ಲಿಮೆಂಟ್ ಪಡೆಯನ್ನು ತಡೆಯುವ ಎಕುಲಿಝುಮಾಬ್ ಎಂಬ ಔಷಧಕ್ಕೆ 2011ರಲ್ಲಿ ಈ ಕಾಯಿಲೆಗೆ ಒಪ್ಪಿಗೆ ಸಿಕ್ಕಿದೆ. ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಅದನ್ನು ಕೊಡುವಾಗ, ಮಿದುಳಿನ ಪೊರೆಗೆ ಸೋಂಕು ತರುವ ಮೆನಿಂಜೊಕಾಕಸ್ ರೋಗಾಣುವಿನ ವಿರುದ್ಧ ಲಸಿಕೆಯೂ ಬೇಕು.

ತಮ್ಮನವರ ಹತ್ತಿರ ಮಗುವಿನ ಫೈಲ್ ತೆಗೆಸಿ. ಬರೆದಿರುವುದು ಆ್ಯಂಟಿಬಾಡಿಯೋ ಜೀನ್ ದೋಷವೋ ನೋಡಿ. ಜೀನ್ ದೋಷ ಎಂದಿದ್ದರೆ ಮಗುವಿನ ಅಪ್ಪ ಅಮ್ಮ, ಒಡಹುಟ್ಟಿದವರ ಪರೀಕ್ಷೆ ಬಗ್ಗೆ ಮಕ್ಕಳ ಕಿಡ್ನಿ ತಜ್ಞರನ್ನು ಕೇಳಿ. ಮುಂದೆ ಯಾರಾದರೂ ಕಿಡ್ನಿ ಕೊಡುವ ಮಾತು ಬಂದರೆ ಆ ಫಲಿತಾಂಶ ಮೊದಲೇ ಕೈಯಲ್ಲಿರಬೇಕು.