ಬೇರೆ ರಾಜ್ಯದ ಸರ್ಕಾರಿ ಯೂನಿವರ್ಸಿಟಿ: ಉಳಿದ ದುಡ್ಡು ಎಲ್ಲಿಂದ ಬರುತ್ತೆ?

ಮೊದಲು ಮಗಳಿಗೆ ಅಭಿನಂದನೆ ಹೇಳಿ. ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಆ ರಾಜ್ಯದ ಸರ್ಕಾರಿ ಯೂನಿವರ್ಸಿಟಿ) ಸ್ಯಾನ್ ಡಿಯಾಗೋದಲ್ಲಿ ಸೀಟು ಸಿಗುವುದು ಸುಮ್ನೆ ಮಾತಲ್ಲ.

ಅಣ್ಣ ಸ್ಪಾನ್ಸರ್ ಮಾಡಿ ಗ್ರೀನ್ ಕಾರ್ಡ್ ಮೇಲೆ ಕಳೆದ ವರ್ಷ ಅರಿಜೋನಾ ರಾಜ್ಯದ ಫೀನಿಕ್ಸ್‌ಗೆ ಬಂದವರು ನೀವು. ಯಜಮಾನರಿಗೆ ಅಂಗಡಿ ಕೆಲಸ, ನಿಮಗೆ ಡೇಕೇರ್. "ಆದಾಯ ಕಡಿಮೆ, ಅದೂ ಸರ್ಕಾರಿ ಯೂನಿವರ್ಸಿಟಿ, ಸಹಾಯ ಸಿಗುತ್ತೆ ಅಲ್ವಾ?" ಅಂತ ಕೇಳಿದ್ದೀರಿ. ಸಿಗುತ್ತದೆ, ಆದರೆ ಎಲ್ಲಿಗೂ ಸಾಲುವುದಿಲ್ಲ.

ಇಲ್ಲಿ ಸರ್ಕಾರಿ ಯೂನಿವರ್ಸಿಟಿ ಅಂದರೆ ಆಯಾ ರಾಜ್ಯದ್ದು. ನಮ್ಮ ಸಿಇಟಿ ಸರ್ಕಾರಿ ಸೀಟಿಗೆ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು ಅನ್ನುತ್ತಾರಲ್ಲ, ಹಾಗೇ. ಕ್ಯಾಲಿಫೋರ್ನಿಯಾದ ತೆರಿಗೆ ದುಡ್ಡು ಕ್ಯಾಲಿಫೋರ್ನಿಯಾದ ಮಕ್ಕಳಿಗೆ. 2025-26ರಲ್ಲಿ ಯುಸಿಗೆ ಹೊಸದಾಗಿ ಸೇರಿದ ಹೊರಗಿನವರು ಮಾಮೂಲಿ ಫೀಸಿನ ಮೇಲೆ 37,602 ಡಾಲರ್ ಜಾಸ್ತಿ ಕಟ್ಟಬೇಕಿತ್ತು. ಊಟ, ವಸತಿ ಸೇರಿದರೆ ವರ್ಷಕ್ಕೆ 80,000 ದಾಟುತ್ತದೆ. ಈ ಹೆಚ್ಚುವರಿ ಫೀಸನ್ನು ಬಡತನ ನೋಡಿ ತುಂಬಿಕೊಡುವ ಪದ್ಧತಿ ಯುಸಿಯಲ್ಲಿ ಇಲ್ಲ.

ಈಗ ಲೆಕ್ಕ ಹಾಕಿ. ಗ್ರೀನ್ ಕಾರ್ಡ್ ಇರುವುದರಿಂದ ಫ್ಯಾಫ್ಸಾ (ಓದಿಗೆ ಅಮೆರಿಕದ ಕೇಂದ್ರ ಸರ್ಕಾರದ ಸಹಾಯ ಕೇಳುವ ಫಾರ್ಮ್) ಅರ್ಜಿ ಹಾಕಬಹುದು, ಆದಾಯ ತೀರಾ ಕಡಿಮೆಯಿದ್ದರೆ ಕೇಂದ್ರದ ಪೆಲ್ ಗ್ರಾಂಟ್ ಪೂರ್ತಿ 7,395 ಡಾಲರ್ ಬರುತ್ತದೆ. ಇದನ್ನು ವಾಪಸ್ ಕೊಡಬೇಕಿಲ್ಲ. ಮೊದಲ ವರ್ಷ ಮಗಳ ಹೆಸರಿನಲ್ಲಿ 5,500 ಡಾಲರ್ ಫೆಡರಲ್ (ಕೇಂದ್ರ ಸರ್ಕಾರದ) ಸಾಲ. ಎರಡೂ ಸೇರಿ 12,895. ಉಳಿದ 67,000 ಯಾರು ಕೊಡುತ್ತಾರೆ?

ಇಲ್ಲೇ ಎಚ್ಚರ ಬೇಕು. ಕಾಲೇಜಿನಿಂದ ಬರುವ ಸಹಾಯದ ಪತ್ರದಲ್ಲಿ ಗ್ರಾಂಟು, ಸಾಲ, ವರ್ಕ್-ಸ್ಟಡಿ ಎಲ್ಲ ಒಂದೇ ಪಟ್ಟಿಯಲ್ಲಿ ಇರಬಹುದು. ಕೆಳಗಿನ ಮೊತ್ತ ನೋಡಿ ಖುಷಿಪಡಬೇಡಿ. ಪೆನ್ನು ಹಿಡಿದು 'ಲೋನ್' ಅಂತ ಇರುವ ಸಾಲುಗಳನ್ನೆಲ್ಲ ಹೊಡೆದುಹಾಕಿ. ವರ್ಕ್-ಸ್ಟಡಿಯನ್ನೂ ಹೊಡೆಯಿರಿ, ಅದು ಮಗಳು ದುಡಿದ ಮೇಲೆ ಬರುವ ಸಂಬಳ. ಮಿಕ್ಕಿದ್ದೇ ನಿಜವಾದ ಸಹಾಯ. 'ಪೇರೆಂಟ್ ಪ್ಲಸ್' ಅಂತ ಕಂಡರೆ ಅದು ನಿಮ್ಮ ತಲೆ ಮೇಲಿನ ಸಾಲ. 2025-26ಕ್ಕೆ ಬಡ್ಡಿ ಶೇ. 8.94. ಅದನ್ನು ಕೊಡುವಾಗ ಹಳೇ ಸಾಲ ಬಾಕಿ ಉಳಿಸಿಕೊಂಡಿದ್ದೀರಾ ಅಂತ ನೋಡುತ್ತಾರೆ, ಸಂಬಳ ಎಷ್ಟು ಅಂತ ನೋಡುವುದಿಲ್ಲ! ಡೇಕೇರ್ ಸಂಬಳದಲ್ಲಿ ತೀರಿಸಲಾಗದ ಸಾಲವೂ ಸಲೀಸಾಗಿ ಸಿಗುತ್ತದೆ. 2026ರ ಜುಲೈನಿಂದ ಹೊಸ ಸಾಲಕ್ಕೆ ವರ್ಷಕ್ಕೆ 20,000, ಒಂದು ಮಗುವಿಗೆ ಒಟ್ಟು 65,000 ಅಂತ ಮಿತಿ ಹಾಕಿದ್ದಾರೆ. ಒಳ್ಳೆಯದೇ ಆಯಿತು ಅನ್ನುತ್ತೇನೆ ನಾನು.

ನನ್ನ ಮಾತು ಕೇಳುವುದಾದರೆ ಅರಿಜೋನಾದಲ್ಲೇ ಓದಿಸಿ. ಎಎಸ್‌ಯು (ಅರಿಜೋನಾ ಸ್ಟೇಟ್ ಯೂನಿವರ್ಸಿಟಿ) ಮನೆ ಹತ್ತಿರವೇ ಇದೆ, ಹಾಸ್ಟೆಲ್ ಖರ್ಚೂ ಉಳಿಯುತ್ತದೆ. ಆದರೆ ಅಲ್ಲೂ ಸ್ಥಳೀಯರ ಫೀಸಿಗೆ ಕ್ಲಾಸು ಶುರುವಾಗುವ ಹೊತ್ತಿಗೆ ನೀವು ಬಂದು ಒಂದು ವರ್ಷ ಆಗಿರಬೇಕು. ಮನೆ ಬಾಡಿಗೆ ಕರಾರು, ಲೈಸೆನ್ಸ್, ಸಂಬಳದ ಚೀಟಿ ಜೋಪಾನವಾಗಿಡಿ. ದಿನ ಕಡಿಮೆ ಬಿದ್ದರೆ ಮೊದಲು ಕಮ್ಯುನಿಟಿ ಕಾಲೇಜು (ಎರಡು ವರ್ಷದ ಸ್ಥಳೀಯ ಕಾಲೇಜು), ಆಮೇಲೆ ಎಎಸ್‌ಯು. ಡಿಗ್ರಿ ಅದೇ.

ಇನ್ನೊಂದು ವಿಷಯ. ಫ್ಯಾಫ್ಸಾ ಕೇಳುವುದು ಎರಡು ವರ್ಷ ಹಿಂದಿನ ಆದಾಯ. ಆಗ ನೀವು ಊರಲ್ಲಿದ್ದಿರಿ, ಆ ಸಂಬಳವನ್ನು ಡಾಲರಿಗೆ ಬದಲಿಸಿ ಬರೆಯಬೇಕು. ಈಗಿನ ಆದಾಯ ಅದಕ್ಕಿಂತ ಕಡಿಮೆಯಾಗಿದ್ದರೆ ಕಾಲೇಜಿನ ಹಣಕಾಸು ಕಚೇರಿಗೆ ಪತ್ರ ಬರೆದು ಮರುಪರಿಶೀಲಿಸಿ ಅಂತ ಕೇಳಿ. ಬಾಡಿಗೆಗೆ ಕೊಟ್ಟ ಮನೆ, ಖಾಲಿ ಸೈಟು ಬಗ್ಗೆ ಫಾರ್ಮ್ ಕೇಳಿದರೆ ಮುಚ್ಚಿಡಬೇಡಿ.

ಹೊರಗೇ ಓದಬೇಕು ಅಂತ ಚಿಕ್ಕವನು ಮುಂದೆ ಹಟ ಹಿಡಿದರೆ ಡಬ್ಲ್ಯುಯುಇ ನೋಡಿ. ಪಶ್ಚಿಮದ ರಾಜ್ಯಗಳ ಒಪ್ಪಂದ ಅದು. ಅದರಲ್ಲಿರುವ ಕಾಲೇಜುಗಳಲ್ಲಿ ಸ್ಥಳೀಯರ ಫೀಸಿನ ಒಂದೂವರೆ ಪಟ್ಟಿಗಿಂತ ಜಾಸ್ತಿ ಕೇಳುವಂತಿಲ್ಲ. ಎಲ್ಲ ಕೋರ್ಸಿಗೂ ಇರಲ್ಲ, ಮೊದಲೇ ವಿಚಾರಿಸಿ. ವರ್ಜೀನಿಯಾ ಯೂನಿವರ್ಸಿಟಿ, ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ಯೂನಿವರ್ಸಿಟಿ ಹೊರರಾಜ್ಯದ ಬಡ ಮಕ್ಕಳಿಗೂ ಕೈ ಬಿಚ್ಚಿ ಕೊಡುತ್ತವೆ, ಆದರೆ ಸೀಟು ಸಿಗುವುದು ಬಲು ಕಷ್ಟ.

ಸಾಮಾನ್ಯವಾಗಿ ಮೇ 1ರೊಳಗೆ ಯಾವ ಕಾಲೇಜು ಅಂತ ತಿಳಿಸಬೇಕು. ಎರಡೂ ಕಾಲೇಜಿನ ಪತ್ರಗಳ ಫೋಟೋ ಕಳಿಸಿ, ಹೆಸರು, ನಂಬರು ಮರೆಮಾಡಿ. ಯಾವುದು ಗ್ರಾಂಟು, ಯಾವುದು ಸಾಲ ಅಂತ ನಾನೇ ಗುರುತು ಹಾಕಿಕೊಡುತ್ತೇನೆ.