ಪಂಚಾಯ್ತಿ ಸದಸ್ಯೆಯಾಗಿದ್ದ ತಂಗಿ ಎಂಎಲ್‌ಎ ಆಗಬೇಕು ಅಂತಿದ್ದಾಳೆ. ಕಾರವಾರದ ಕಡೆ ಇದು ಆಗುವ ಮಾತಾ?

ಆಗುವ ಮಾತೇ. ಆದರೆ ನಿಮ್ಮ ತಂಗಿ ಪಂಚಾಯ್ತಿಯ ಲೆಕ್ಕ ಹಿಡಿದುಕೊಂಡು ಹೊರಟರೆ ದಾರಿಯಲ್ಲೇ ಸುಸ್ತಾಗುತ್ತಾಳೆ. ನಾನೂ ಅಂಕೋಲೆ ಕಡೆ ಒಂದು ಅವಧಿ ಸದಸ್ಯೆ ಆಗಿದ್ದವಳು. ಪಂಚಾಯ್ತಿಯಲ್ಲಿ ಅರ್ಧ ಸೀಟು ಹೆಂಗಸರಿಗೇ ಮೀಸಲು, ಪಕ್ಷದ ಚಿಹ್ನೆಯೂ ಇಲ್ಲ. ವಿಧಾನಸಭೆಯಲ್ಲಿ ಹಾಗಲ್ಲ. ಮೂರರಲ್ಲೊಂದು ಪಾಲು ಕೊಡುವ ತಿದ್ದುಪಡಿ 2023ರಲ್ಲಿ ಆಯಿತು ನಿಜ, ಆದರೆ ಅದನ್ನು ಜನಗಣತಿ, ಕ್ಷೇತ್ರ ಮರುವಿಂಗಡಣೆಗೆ ಕಟ್ಟಿಹಾಕಿದ್ದಾರೆ. ಅದೇ ವರ್ಷ ರಾಜ್ಯದ 224 ಕ್ಷೇತ್ರಗಳಲ್ಲಿ ಗೆದ್ದ ಹೆಂಗಸರು ಬರೀ 10.

ನಮ್ಮ ಜಿಲ್ಲೆಯಲ್ಲೇ ನೋಡಿ. 2013ರಲ್ಲಿ ಕುಮಟೆಯಲ್ಲಿ ಕಾಂಗ್ರೆಸ್‌ನ ಶಾರದಾ ಶೆಟ್ಟಿ ಕೇವಲ 420 ಮತದಲ್ಲಿ ಗೆದ್ದರು. ಅವರ ಪತಿ ಮೋಹನ ಶೆಟ್ಟಿ ಮೊದಲೇ ಶಾಸಕರಾಗಿದ್ದವರು. ಆಗ ಶಾರದಾ ಎದುರು ಜೆಡಿಎಸ್‌ನಿಂದ ಸೋತ ದಿನಕರ ಶೆಟ್ಟಿ 2018ರಲ್ಲಿ ಬಿಜೆಪಿಯಿಂದ ನಿಂತು ಅವರನ್ನೇ ಸೋಲಿಸಿದರು. 2023ಕ್ಕೆ ಕುಮಟೆಯ ಕಾಂಗ್ರೆಸ್ ಟಿಕೆಟ್ ನಿವೇದಿತ್ ಆಳ್ವರಿಗೆ ಹೋಯಿತು. ಕಾರವಾರದಲ್ಲಿ 2018ರಲ್ಲಿ ಗೆದ್ದ ರೂಪಾಲಿ ನಾಯ್ಕ, 2023ರಲ್ಲಿ 2,138 ಮತದಿಂದ ಸೋತರು. ಸೋಲು ಗಂಡಸರಿಗೂ ಇದ್ದದ್ದೇ. ಸೋತ ಮೇಲೆ ಮತ್ತೊಂದು ಬಿ ಫಾರಂ, ಅಂದರೆ ಪಕ್ಷದ ಟಿಕೆಟ್ ಪತ್ರ, ಯಾರಿಗೆ ಸಿಗುತ್ತದೆ ಅನ್ನುವುದೇ ನಿಜವಾದ ಪ್ರಶ್ನೆ ಅಂತ ನನಗೆ ಅನಿಸುತ್ತದೆ.

ಗೆದ್ದ ಮೇಲಿನ ಕೆಲಸ? ಸದನದಲ್ಲಿ ಮಾತಾಡುವುದು ಅದರಲ್ಲಿ ಸಣ್ಣ ಭಾಗ. ಇಲಾಖೆಗಳ ಕೆಲಸ ಎಲ್ಲಿಗೆ ಬಂತು ಅಂತ ನೋಡುವ ಕೆಡಿಪಿ ಸಭೆ, ಸಾಗುವಳಿ ಮಾಡುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಅನ್ನುವ ಬಗರ್‌ಹುಕುಂ ಅರ್ಜಿ, ಬೆಳಗಾದರೆ ಮನೆ ಬಾಗಿಲಲ್ಲಿ ಆಸ್ಪತ್ರೆಗೆ ಪತ್ರ ಕೇಳುವವರು. ಮಳೆಗಾಲದಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದರೆ ಮೊದಲ ಫೋನ್ ಶಾಸಕರಿಗೇ. ಅಂಕೋಲೆಯ ಶಿರೂರಿನಲ್ಲಿ 2024ರ ಜುಲೈನಲ್ಲಿ ಗುಡ್ಡ ಕುಸಿದದ್ದನ್ನು ನಾವ್ಯಾರೂ ಮರೆತಿಲ್ಲ. ಅಧಿವೇಶನಕ್ಕೆ ಬೆಂಗಳೂರು, ಚಳಿಗಾಲಕ್ಕೆ ಬೆಳಗಾವಿ.

ಒಮ್ಮೆ ಮೋರಿ ಕೆಲಸದ ಅರ್ಜಿ ಹಿಡಿದು ಒಬ್ಬ ನಾಯಕರ ಮನೆಗೆ ಹೋಗಿದ್ದೆ. ಅವರ ಪಿಎ ಅರ್ಜಿ ಕಡೆ ಕಣ್ಣೂ ಹಾಯಿಸದೆ, "ನಿಮ್ಮನೆಯವ್ರು ಬರ್ಲಿಲ್ವಾ?" ಅಂದ. ಸದಸ್ಯೆ ನಾನೇ ಅಂದರೂ ಮತ್ತೆ ಅದೇ ಪ್ರಶ್ನೆ. ಮೋರಿ ಆಯಿತು, ಎರಡು ವರ್ಷ ತಡವಾಗಿ. ಸಿಟ್ಟು ಇನ್ನೂ ಇಳಿದಿಲ್ಲ.

ಹಾಗಾಗಿ ತಂಗಿಗೆ ದುಡ್ಡು ಎಷ್ಟಿದೆ ಅಂತ ಕೇಳುವ ಮೊದಲು ಸ್ಕೂಟಿ ಬರುತ್ತದಾ ಕೇಳಿ. ಮಾಜಾಳಿಯಿಂದ ಅಂಕೋಲೆಯ ಘಟ್ಟದ ಬುಡದವರೆಗೂ ಒಂದೇ ಕ್ಷೇತ್ರ. ಅಣ್ಣನೋ ಗಂಡನೋ ಕರೆದುಕೊಂಡು ಹೋಗಲಿ ಅಂತ ಕಾದರೆ, ಜನ ಅರ್ಜಿ ಕೊಡುವುದೂ ಅವರ ಕೈಗೇ.